ಸಾವಿರಕ್ಕೆ ಇಬ್ಬರು

ಡಾಕ್ಟರ್ ಬದರಿನಾಥರ ಕ್ಲಿನಿಕ್ಕಿಗೆ ಬಂದವರಲ್ಲಿ ಹನ್ನೊಂದು ದಿನಗಳಿಂದ ಒಬ್ಬರಿಗೂ ಗ್ಯಾಸ್ ಆಗಿರಲಿಲ್ಲ. ಇದು ಸಂತೋಷದ ವಿಷಯವೆಂದು ಮೊದಲ ಎರಡು ದಿನ ಅವರು ನಂಬಿದ್ದರು. ಮೂರನೆಯ ದಿನದಿಂದ ಕಸಿವಿಸಿ ಶುರುವಾಯಿತು. ಸಂಕ್ರಾಂತಿ ಕಳೆದು ವಾರವಾಗಿತ್ತು. ಜಯನಗರದ ಬೀದಿಗಳಲ್ಲೆಲ್ಲ ಅವರೆಕಾಯಿಯ ರಾಶಿ ಬಿದ್ದಿತ್ತು. ಯಾವ ಮನೆಯ ಮುಂದೆ ಹಾದರೂ ಹಿತಕಿದ ಬೇಳೆಯ ಘಮ. ಉಪ್ಪಿಟ್ಟಿಗೂ ಅವರೆ, ರೊಟ್ಟಿಗೂ ಅವರೆ, ಹುಳಿಗೂ ಅವರೆ. ಹದಿನೆಂಟು ವರ್ಷಗಳಿಂದ ಈ ತಿಂಗಳು ಬಂತೆಂದರೆ ಏಳನೇ ಬ್ಲಾಕಿನವರು, ತಿಲಕ್ ನಗರದವರು ಹೊಟ್ಟೆ ಹಿಡಿದುಕೊಂಡು ಬೆಂಚಿನ ತುಂಬ ಕೂತಿರುತ್ತಿದ್ದರು. ಕಾಂಪೌಂಡರ್ ಪಿಳ್ಳಣ್ಣ ಗುಲಾಬಿ ಬಣ್ಣದ ಔಷಧಿಯನ್ನು ದೊಡ್ಡ ಜಾಡಿಯಲ್ಲಿ ಕಲಸಿ, ಅವರವರು ತಂದ ಬಾಟಲಿಗೆ ಸುರಿದು ಕೊಡುತ್ತಿದ್ದ. ಈ ವರ್ಷ ಮಾತ್ರ ಎಲ್ಲರಿಗೂ ಮಂಡಿನೋವು. ಹನ್ನೊಂದು ದಿನಗಳಲ್ಲಿ ನಲವತ್ತು ಮಂದಿ. ಇಪ್ಪತ್ತೈದು ವಯಸ್ಸಿನ ಗಟ್ಟಿಮುಟ್ಟಾದ ಬಸ್ ಕಂಡಕ್ಟರನೊಬ್ಬ ಕುಂಟುತ್ತ ಒಳಗೆ ಬಂದು, ಕುಂಟುವುದನ್ನು ಮರೆತು ಹೊರಗೆ ಹೋಗಿದ್ದ. ಇದು ಹೊಸದೊಂದು ಸಾಂಕ್ರಾಮಿಕವೇ ಇರಬೇಕೆಂದು ಬದರಿನಾಥರು ವೈದ್ಯರ ಸಂಘಕ್ಕೆ ಒಂದು ಕಾಗದವನ್ನು ಮನಸ್ಸಿನಲ್ಲೇ ಬರೆಯತೊಡಗಿದ್ದರು. ತಿಲಕ್ ನಗರದ ಸುತ್ತಮುತ್ತ ಮಂಡಿಯ ಒಂದು ವಿಚಿತ್ರ ಬೇನೆ ಕಾಣಿಸಿಕೊಂಡಿದೆ, ಊತವಿಲ್ಲ, ಜ್ವರವಿಲ್ಲ, ನೋವು ಎಡಗಾಲಿನದೋ ಬಲಗಾಲಿನದೋ ಎಂಬುದು ರೋಗಿಗೇ ಖಚಿತವಿಲ್ಲ.

ಆ ದಿನವೂ ಬೆಳಿಗ್ಗೆ ಸ್ನಾನ ಮುಗಿಸಿ ದೇವರ ಮುಂದೆ ಕೂತಾಗ ಜಪದ ಎಣಿಕೆ ತಪ್ಪಿತು. ನೂರೆಂಟಕ್ಕೆ ಮುಗಿಯಬೇಕಾದ್ದು ಅರವತ್ತಮೂರಕ್ಕೆ ಬಂದು ನಿಂತುಬಿಡುತ್ತಿತ್ತು. ಅರವತ್ತಮೂರು ಈಗ ಅವರ ಪಾಲಿಗೆ ಮನುಷ್ಯರ ಸಂಖ್ಯೆ. ಡಿಸೆಂಬರಿನಿಂದ ಗ್ಯಾಸ್ ಎಂದು ಬಂದ ಅರವತ್ತಮೂರು ಮಂದಿಯನ್ನು ಅವರು ಇಸಿಜಿ ತೆಗೆಸಿಕೊಂಡು ಬನ್ನಿರೆಂದು ದೊಡ್ಡಾಸ್ಪತ್ರೆಗೆ ಅಟ್ಟಿದ್ದರು. ಒಬ್ಬನ ಹೊರತು ಉಳಿದವರೆಲ್ಲರ ಹೃದಯವೂ ಗುಂಡುಕಲ್ಲಿನಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಭಗವಂತನಿಗೆ ಕೈಮುಗಿದು ನೆಮ್ಮದಿಯಾಗಿರುತ್ತಿದ್ದರು. ಬದರಿನಾಥರಿಗೆ ಒಂದೊಂದು ಗಟ್ಟಿ ಹೃದಯವೂ ಒಂದೊಂದು ಹೆದರಿಕೆಯನ್ನು ಕೂಡಿಸುತ್ತ ಹೋಯಿತು. ಇಷ್ಟು ಜನರದು ಸರಿಯಾಗಿದ್ದ ಮೇಲೆ ಮುಂದಿನವನದೂ ಸರಿಯಿರಲು ಹೇಗೆ ಸಾಧ್ಯ? ಎಲ್ಲೋ ಒಬ್ಬ ಸರದಿಯಲ್ಲಿ ನಿಂತಿದ್ದಾನೆ. ಸರದಿ ಕರಗುತ್ತ ಬಂದಷ್ಟೂ ಅವನು ಹತ್ತಿರವಾಗುತ್ತಿದ್ದಾನೆ. ಆ ಒಬ್ಬ ಬರುವ ಹೊತ್ತಿಗೆ ತಾನು ಗಡಿಯಾರ ನೋಡುತ್ತ ಕೂತಿರಬಾರದು. 'ಕೃಷ್ಣಾ' ಎಂದು ಅವರು ಜಪದ ಸರವನ್ನು ಕಣ್ಣಿಗೊತ್ತಿಕೊಂಡು ಎದ್ದರು. ನೂರೆಂಟು ಆಗಿತ್ತೋ ಇಲ್ಲವೋ ಆ ಕೃಷ್ಣನಿಗೇ ಗೊತ್ತು.

ಗಡಿಯಾರ ನೋಡಿದ್ದು ನವೆಂಬರಿನ ಒಂದು ಸಂಜೆ. ತಪಾಲು ಇಲಾಖೆಯಿಂದ ನಿವೃತ್ತರಾಗಿದ್ದ ಸಂಜೀವಯ್ಯನವರು ಕಂದು ಬಣ್ಣದ ಬಾಟಲಿಯನ್ನು ಹಿಡಿದುಕೊಂಡು ಬಂದು, "ಗ್ಯಾಸು ಡಾಕ್ಟ್ರೇ, ಇಲ್ಲಿ ಹಿಡ್ಕೊಂಡಿದೆ" ಎಂದು ಎದೆಯ ಕೆಳಗೆ ಮುಷ್ಟಿಯಿಟ್ಟು ತೋರಿಸಿದ್ದರು. ಆ ಸಂಜೆ ಹೆಂಡತಿ ವಾರಿಜಾಳ ಅಣ್ಣನ ಮಗಳ ಆರತಕ್ಷತೆ. ವಾರಿಜಾ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮನೆಯ ಗೇಟಿನ ಹತ್ತಿರ ನಿಂತಿರುವುದು ಬದರಿನಾಥರಿಗೆ ಕ್ಲಿನಿಕ್ಕಿನಿಂದಲೇ ಕಾಣುತ್ತಿತ್ತು. "ಹೊಸ ಅವರೆ ತಿಂದಿರಬೇಕು, ಅಲ್ವೇ?" ಎಂದು ನಕ್ಕು, "ಪಿಳ್ಳಣ್ಣ, ಗುಲಾಬಿ ಔಷಧಿ" ಎಂದು ಕೂಗಿದ್ದರು. ಸಂಜೀವಯ್ಯನವರೂ ನಕ್ಕಿದ್ದರು. ಸ್ಟೆತಾಸ್ಕೋಪು ಕೊರಳಲ್ಲೇ ಇತ್ತು. ತೆಗೆದು ಎದೆಗೆ ಇಡಲಿಲ್ಲ. ಬೆಳಗಾಗುವುದರೊಳಗೆ ಸಂಜೀವಯ್ಯನವರು ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಆ ಸಂಜೆ ಅವರ ಹಣೆಯ ಮೇಲೆ ಬೆವರಿತ್ತೇ? ಮೊದಲ ವಾರ ನೆನಪು ಮಾಡಿಕೊಂಡಾಗ ಹಣೆ ಒಣಗಿತ್ತು. ಎರಡನೆಯ ವಾರ ಎರಡು ಹನಿ ಕಂಡವು. ತಿಂಗಳು ತುಂಬುವ ಹೊತ್ತಿಗೆ ಅವರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡದ್ದು ಸ್ಪಷ್ಟವಾಗಿ ನೆನಪಿಗೆ ಬಂತು. ಈಗಂತೂ ಕಣ್ಣು ಮುಚ್ಚಿದರೆ ಸಾಕು, ಸಂಜೀವಯ್ಯನವರು ಕೊಳಾಯಿಯ ಕೆಳಗಿನಿಂದ ಎದ್ದು ಬಂದವರಂತೆ ತೊಯ್ದು ತೊಪ್ಪೆಯಾಗಿ ನಿಂತಿರುತ್ತಿದ್ದರು, ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅಂಥವರ ಎದುರಿಗೆ ಡಾಕ್ಟರನೊಬ್ಬ ಅವರೆಕಾಯಿಯ ಮಾತಾಡಿ ನಗುತ್ತಿದ್ದ.

ಯಾರಾದರೂ ಬಂದು ಕೊರಳಪಟ್ಟಿ ಹಿಡಿದಿದ್ದರೆ ಚೆನ್ನಾಗಿತ್ತು. ಹಿಡಿಯುವುದಿರಲಿ, ವೈಕುಂಠ ಸಮಾರಾಧನೆಗೆ ಅವರನ್ನು ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಸಂಜೀವಯ್ಯನವರ ಹೆಂಡತಿ ಈಶ್ವರಮ್ಮ ತಾವೇ ಎಲೆಯ ಮುಂದೆ ಬಂದು ನಿಂತು, "ನಿಮ್ಮ ಔಷಧಿ ಕುಡಿದು ಎಷ್ಟು ನೆಮ್ಮದಿಯಾಗಿ ಮಲಗಿದ್ರು ಅಂತೀರಿ! ಬದರಿ ಡಾಕ್ಟರ ಕೈಗುಣವೇ ಕೈಗುಣ ಅಂದ್ರು. ಅದೇ ಕೊನೇ ಮಾತು" ಎಂದು, ಬೇಡವೆಂದರೂ ಕೇಳದೆ ಎರಡನೆಯ ಲಾಡು ಹಾಕಿದರು. ಪಕ್ಕದಲ್ಲಿ ಕೂತವರು ಗೌರವದಿಂದ ಬದರಿನಾಥರನ್ನು ನೋಡಿದರು. ಆ ಲಾಡು ಗಂಟಲಿನಿಂದ ಇಳಿಯಲು ಮಜ್ಜಿಗೆಯವರೆಗೂ ಸಮಯ ತೆಗೆದುಕೊಂಡಿತು. ಮನೆಗೆ ಬಂದವರೇ ಸಂಜೆ ಕ್ಲಿನಿಕ್ಕಿನ ಬಾಗಿಲು ತೆರೆದರು. ಮೊದಲು ಒಳಗೆ ಬಂದವನು ತೇಗಿದ. ಅವನೇ ಅರವತ್ತಮೂರರಲ್ಲಿ ಮೊದಲನೆಯವನು.

ಸರಿಯಿಲ್ಲವೆಂದು ಬಂದ ಆ ಒಂದೇ ಒಂದು ಹೃದಯ ಇಸ್ತ್ರಿ ದಾಸಪ್ಪನದು. ಅವನದೂ ಮೊದಲ ಸಲ ಸರಿಯಾಗಿಯೇ ಇತ್ತು. ಬದರಿನಾಥರಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ತೆಗೆಸು ಎಂದರು. ಮತ್ತೂ ಸರಿಯಾಗಿತ್ತು. ಮೂರನೆಯ ಸಲ ಬೇರೊಂದು ನರ್ಸಿಂಗ್ ಹೋಮಿಗೆ ಕಳಿಸಿದಾಗ ಕಾಗದದ ಮೇಲಿನ ಗೆರೆ ಒಂದು ಕಡೆ ಕೂದಲೆಳೆಯಷ್ಟು ತಗ್ಗಿತ್ತು. 'ಅನುಮಾನಕ್ಕೆ ಅವಕಾಶವಿದೆ' ಎಂದು ಬರೆದುಕೊಟ್ಟಿದ್ದರು. ನೋಡಿದಿರಾ, ಬಿಡದೆ ಹುಡುಕಿದ್ದಕ್ಕೆ ಸಿಕ್ಕಿತು ಎಂದು ಬದರಿನಾಥರಿಗೆ ಅಂದು ನಿದ್ದೆ ಬಂತು. ಮಾರನೆಯ ವಾರ ದೊಡ್ಡಾಸ್ಪತ್ರೆಯ ಹಿರಿಯ ವೈದ್ಯರು ನೋಡಿ ಏನೂ ಇಲ್ಲವೆಂದು ಕಳಿಸಿದರು. ಆದರೆ ಅಷ್ಟರಲ್ಲಿ ದಾಸಪ್ಪ ಹೃದಯರೋಗಿಯಾಗಿಹೋಗಿದ್ದ. ಹೊಂಗೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಶಾಲು ಹೊದ್ದು, ಹೋಗಿ ಬರುವವರಿಗೆಲ್ಲ ಆ ಕಾಗದ ಬಿಡಿಸಿ ತೋರಿಸುತ್ತಿದ್ದ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಈಗ ಎತ್ತುತ್ತಿದ್ದವಳು ಅವನ ಹೆಂಡತಿ ಗೋವಿಂದಮ್ಮ. ಬದರಿನಾಥರ ಪ್ಯಾಂಟುಗಳನ್ನು ಕೊಡಲು ಮನೆಗೆ ಬಂದಾಗ ಅವಳು ಬಾಗಿಲಲ್ಲೇ ನಿಂತು, "ಚೆನ್ನಾಗಿದ್ದೋನ್ನ ಕುಂಡ್ರಿಸಿಬಿಟ್ರಲ್ಲ ಸಾಮಿ, ಪುಣ್ಯ ಬರ್ಲಿ. ಈಗ ನಂಗೇ ಎದೆ ನೋವ್ತದೆ, ನಾನು ಮಾತ್ರ ನಿಮ್ಮತ್ರ ಬರಾಕಿಲ್ಲ" ಎಂದು ಹೇಳಿ ಹೋಗಿದ್ದಳು. ಎರಡು ಪ್ಯಾಂಟಿಗೂ ಇಸ್ತ್ರಿಯ ಗೆರೆ ಪಕ್ಕದಲ್ಲಿ ಬಿದ್ದಿತ್ತು. ಬದರಿನಾಥರು ಅವನ್ನೇ ಹಾಕಿಕೊಂಡು ಓಡಾಡಿದರು.

ಡಿಸೆಂಬರಿನ ಒಂದು ಭಾನುವಾರ ಚಕ್ರಪಾಣಿ ಬಂದಿದ್ದ. ಹೈಸ್ಕೂಲಿನಿಂದಲೂ ಸ್ನೇಹಿತ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ವಾರಿಜಾ ಹಜಾರದಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಬದರಿನಾಥರ ಸಂಕಟವನ್ನು ಕೇಳಿದ ಚಕ್ರಪಾಣಿ ಆ ರಾಶಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

"ನೋಡೋ ಬದರಿ, ಇದರಲ್ಲಿ ಸಾವಿರ ಕಾಯಿ ಇದೆ ಅಂತಿಟ್ಕೋ. ಹುಳ ಇರೋದು ಎರಡರಲ್ಲಿ. ಆದರೆ ಮೇಲೆ ಕಪ್ಪು ಚುಕ್ಕೆ ಇರೋವು ಐವತ್ತಿವೆ. ಈಗ ಚುಕ್ಕೆ ಇರೋ ಕಾಯಿ ಒಂದು ನಿನ್ನ ಕೈಗೆ ಬಂತು. ಒಳಗೆ ಹುಳ ಇದೆ ಅಂತ ಕಿರಚ್ಕೊಂಡ್ರೆ ಹೇಗೆ? ಐವತ್ತರಲ್ಲಿ ನಲವತ್ತೆಂಟು ಬರೀ ಚುಕ್ಕೆ ಕಣೋ. ನೀನು ಸಂಜೀವಯ್ಯ ಒಬ್ಬರನ್ನ ನೋಡ್ತಾ ಇದೀಯ, ಸಾವಿರ ಜನಾನ ಮರೆತಿದೀಯ."

"ಹುಳ ಬಾಯಿಗೆ ಸಿಕ್ಕಿದವರಿಗೆ ಸಾವಿರದ ಲೆಕ್ಕ ಹೇಳಿ ನೋಡಿ, ಚಕ್ರಪಾಣಿಯವರೇ," ಎಂದಳು ವಾರಿಜಾ, ತಲೆಯೆತ್ತದೆ.

ಚಕ್ರಪಾಣಿ, "ಅದೂ ಸರಿ ಅತ್ತಿಗೆ, ಆದರೆ ಅದು ಲೆಕ್ಕ ಅಲ್ಲ" ಎಂದ. ಊಟ ಮಾಡಿದ. ಎರಡು ಸಲ ಹಿತಕಿದ ಬೇಳೆ ಹಾಕಿಸಿಕೊಂಡ. ಬದರಿನಾಥರಿಗೆ ಅಂದು ಮಧ್ಯಾಹ್ನ ತಲೆ ತಿಳಿಯಾದಂತೆ, ಸಾವಿರ ಜನರ ನಡುವೆ ತಾನೂ ಸುರಕ್ಷಿತವಾಗಿ ನಿಂತಂತೆ ಅನಿಸಿತ್ತು. ಗೇಟಿನವರೆಗೆ ಕಳಿಸಲು ಹೋದಾಗ ಚಕ್ರಪಾಣಿ ಚಪ್ಪಲಿ ಮೆಟ್ಟಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದ. "ಲೋ, ನನಗೆ ಮೊನ್ನೆಯಿಂದ ಎಡಗಡೆ ಸ್ವಲ್ಪ ಗ್ಯಾಸ್ ಹಿಡಿದ ಹಾಗಿದೆ. ಒಂದು ಇಸಿಜಿಗೆ ಚೀಟಿ ಬರೆದುಕೊಟ್ಟಿರು."

"ಸಾವಿರಕ್ಕೆ ಎರಡು ಅಂದ್ಯಲ್ಲೋ!"

"ಅದು ಸಾವಿರ ಜನರ ವಿಷಯ. ನಾನು ಒಬ್ಬನೇ ಅಲ್ವೇನೋ ಇರೋದು?"

ಬದರಿನಾಥರು ಗೇಟಿನ ಕಂಬದ ಮೇಲೆ ಕಾಗದವಿಟ್ಟು ಬರೆದುಕೊಟ್ಟರು. ಚಕ್ರಪಾಣಿ ಇಪ್ಪತ್ತೇಳನೆಯವನು.

ಜಪದ ಎಣಿಕೆ ತಪ್ಪಿದ ಆ ದಿನ ಕ್ಲಿನಿಕ್ಕಿನ ಬಾಗಿಲ ಪರದೆ ಸರಿಯಿತು. ಹನ್ನೆರಡು ಗಂಟೆಯ ಹತ್ತಿರ; ಬೆಂಚಿನ ಮೇಲಿನ ಕೊನೆಯ ರೋಗಿ. ಬದರಿನಾಥರು ತಲೆಯೆತ್ತಿ ನೋಡಿ ಎದ್ದು ನಿಂತುಬಿಟ್ಟರು. ಈಶ್ವರಮ್ಮ. ಸಮಾರಾಧನೆಯ ದಿನದ ನಂತರ ಅವರನ್ನು ಹತ್ತಿರದಿಂದ ನೋಡಿರಲಿಲ್ಲ. ಎರಡು ಸಲ ಅಂಗಡಿಬೀದಿಯಲ್ಲಿ ದೂರದಿಂದ ಕಂಡಾಗ ಬದರಿನಾಥರೇ ಪಕ್ಕದ ರಸ್ತೆಗೆ ತಿರುಗಿಕೊಂಡಿದ್ದರು. ಆಕೆ ಸೊರಗಿ ಇಳಿದುಹೋಗಿದ್ದರು, ಕೊರಳಿನ ಮೂಳೆ ಕಾಣುತ್ತಿತ್ತು. ಕೈಯಲ್ಲಿ ವೈರಿನ ಚೀಲ.

"ಕೂತ್ಕೊಳಿ ಕೂತ್ಕೊಳಿ. ನೀವ್ಯಾಕೆ ನಿಂತ್ಕೋತೀರಿ, ಮಂಡಿನೋವು ನನಗೆ," ಎಂದರು ಈಶ್ವರಮ್ಮ.

ಬದರಿನಾಥರು ಮಂಡಿ ಒತ್ತಿದರು. "ಇಲ್ಲಿ ನೋಯುತ್ತಾ?"

"ಹೂಂ."

"ಇಲ್ಲಿ?"

"ಅಲ್ಲೂ."

"ಯಾವ ಕಾಲು ಅಂದಿದ್ರಿ?"

"ಇದೇ," ಎಂದು ಅವರು ಇನ್ನೊಂದು ಕಾಲನ್ನು ಮುಂದೆ ಮಾಡಿದರು. ಹಾಗೆ ಮಾಡುವಾಗ ಸ್ವಲ್ಪ ಬಗ್ಗಬೇಕಾಯಿತು. ಬಗ್ಗಿದಾಗ ಅವರ ಬಲಗೈ ತಾನಾಗಿ ಎದೆಯ ಕೆಳಗೆ ಬಂದು ಮುಷ್ಟಿಯಾಯಿತು. ಬಾಯಿ ಬಿಗಿದುಕೊಂಡು, ಕಣ್ಣಗಲಿಸಿ, ಒಳಗಿನಿಂದ ಎದ್ದ ಏನನ್ನೋ ಮರ್ಯಾದಸ್ಥರ ಮನೆಯ ಹೆಂಗಸಿನ ಪೂರ್ಣ ಬಲದಿಂದ ನುಂಗಿಕೊಂಡರು. ಬದರಿನಾಥರು ಅದನ್ನು ಕಂಡರು. ಅದೇ ಜಾಗ, ಅದೇ ಮುಷ್ಟಿ. ಕೇಳಬೇಕಾದ ಪ್ರಶ್ನೆ ನಾಲಗೆಯ ತುದಿಗೆ ಬಂತು. ಕೇಳಿದರೆ ಆಸ್ಪತ್ರೆಗೆ ಕಳಿಸಬೇಕು. ಕಳಿಸಿದರೆ ಇವರು ಏಕೆಂದು ಕೇಳುತ್ತಾರೆ. ನಿಮ್ಮ ಯಜಮಾನರಿಗೂ ಹೀಗೆಯೇ ಆಗಿತ್ತು ಎನ್ನಬೇಕಾಗುತ್ತದೆ. ಹಾಗಾದರೆ ಅವರನ್ನೇಕೆ ಕಳಿಸಲಿಲ್ಲ ಎನ್ನುತ್ತಾರೆ. ಅರವತ್ತಮೂರು ಮಂದಿ ಅಪರಿಚಿತರ ತೇಗಿಗೆ ಹಾರಿ ಬೀಳುತ್ತಿದ್ದ ಮನುಷ್ಯ, ಕೇಳಲೇಬೇಕಾದ ಒಬ್ಬರು ಎದುರಿಗೆ ಬಂದು ಕೂತಾಗ, "ನೋವಿನೆಣ್ಣೆ ಹಚ್ಚಿ, ಬಿಸಿನೀರಿನ ಶಾಖ ಕೊಡಿ" ಎಂದು ಹೇಳಿ ಚೀಟಿ ಹರಿದು ಕೊಟ್ಟ. ಈಶ್ವರಮ್ಮ ಕೈಮುಗಿದು ಹೊರಗೆ ಹೋದರು. ಅವರ ಕಾಲಿನಲ್ಲಿ ಕುಂಟಿನ ಸುಳಿವೂ ಇರಲಿಲ್ಲ.

ಬದರಿನಾಥರು ಮೇಜಿನ ಮೇಲಿನ ಒತ್ತುಕಾಗದವನ್ನು ನೋಡುತ್ತ ಕೂತರು. ಔಷಧಿ ಕೊಡುವ ಕಿಟಕಿಯ ಕಡೆಯಿಂದ ದ್ರವ ಸುರಿಯುವ ಸದ್ದು ಕೇಳಿಸಿತು. ನೋವಿನೆಣ್ಣೆ ಹಾಗೆ ಗಳಗಳ ಸದ್ದು ಮಾಡುವುದಿಲ್ಲ. ಎದ್ದು ಹೋಗಿ ಮಧ್ಯದ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ ನೋಡಿದರು. ಪಿಳ್ಳಣ್ಣ ಜಾಡಿ ಬಗ್ಗಿಸಿ ಕಂದು ಬಣ್ಣದ ಬಾಟಲಿಗೆ ಗುಲಾಬಿ ಔಷಧಿ ತುಂಬಿಸುತ್ತಿದ್ದ. ಬಾಟಲಿಯ ಮೈಗೆ ಒಂದೊಂದು ಹೊತ್ತಿನ ಅಳತೆಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿತ್ತು. ಅದರ ಮೇಲೆ, ತೊಳೆದು ತೊಳೆದು ಮಾಸಿದ್ದರೂ ಓದಲು ಬರುವಂತೆ, ಪಿಳ್ಳಣ್ಣನದೇ ದುಂಡು ಅಕ್ಷರದಲ್ಲಿ 'ಸಂಜೀವಯ್ಯ' ಎಂದಿತ್ತು. ಈಶ್ವರಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಆಮೇಲೆ ಪಿಳ್ಳಣ್ಣ ತಿರುಗಿ ಯಜಮಾನರನ್ನು ಕಂಡ. ಮುಚ್ಚಿಡುವುದಕ್ಕೆ ಜಾಗವಿರಲಿಲ್ಲ.

"ಎಷ್ಟು ದಿನದಿಂದ ನಡೀತಿದೆ ಇದು?"

"ಹನ್ನೊಂದು ದಿನ ಆಯ್ತು ಸಾರ್. ನೀವು ಕೊಡಲ್ಲ. ನೀವು ಕೊಡಲ್ಲ ಅಂತ ಜನಕ್ಕೆ ಗ್ಯಾಸ್ ಆಗೋದು ನಿಲ್ಲುತ್ತಾ? ದೊಡ್ಡಾಸ್ಪತ್ರೇಲಿ ಕ್ಯೂ ನಿಂತು ನಿಂತು ಅಲ್ಲೇ ಎದೆನೋವು ಬರುತ್ತೆ ಅಂತಾರೆ."

"ಮಂಡಿನೋವು ಅಂತ ಹೇಳಿಕೊಟ್ಟೋರು ಯಾರು?"

"ನಾನೇ," ಎಂದ ಪಿಳ್ಳಣ್ಣ, ಸ್ವಲ್ಪ ಹೆಮ್ಮೆಯಿಂದಲೇ. "ಮೊದ್ಲು ಬೆನ್ನುನೋವು ಅನ್ನಿ ಅಂದಿದ್ದೆ. ನೀವು ಬೆನ್ನು ತಟ್ಟುತೀರಿ, ತೇಗು ಬಂದ್ಬಿಡುತ್ತೆ. ತಲೆನೋವು ಅಂದ್ರೆ ಬಿಪಿ ನೋಡ್ತೀರಿ. ಮಂಡಿಯಾದ್ರೆ ಹೊಟ್ಟೆಯಿಂದ ದೂರ."

ವೈದ್ಯರ ಸಂಘಕ್ಕೆ ಬರೆದಿದ್ದ ಕಾಗದವನ್ನು ಬದರಿನಾಥರು ಮನಸ್ಸಿನಲ್ಲೇ ಹರಿದು ಹಾಕಿದರು. "ಒಟ್ಟು ಎಷ್ಟು ಜನ?"

"ನಿನ್ನೆಗೆ ನಲವತ್ತು. ಈಶ್ವರಮ್ಮನೋರು ನಲವತ್ತೊಂದು."

"ಎಲ್ಲರೂ ಚೆನ್ನಾಗಿದಾರೇನೋ?"

"ಫಸ್ಟ್ ಕ್ಲಾಸಾಗಿದಾರೆ ಸಾರ್! ಖಾಲಿ ಬಾಟ್ಲಿ ತಗೊಂಡು ಮತ್ತೆ ಬರ್ತಾರಲ್ಲ, ಒಬ್ರಾದ್ರೂ ಏನೂ ಕಂಪ್ಲೇಂಟ್ ಹೇಳಿಲ್ಲ."

"ಮತ್ತೆ ಬರದೇ ಇರೋರು?"

ಪಿಳ್ಳಣ್ಣ ಉತ್ತರ ಕೊಡಲು ಬಾಯಿ ತೆರೆದ. ತೆರೆದ ಬಾಯಿ ಹಾಗೆಯೇ ಉಳಿಯಿತು. ಹದಿನೆಂಟು ವರ್ಷದ ಕಾಂಪೌಂಡರಿಕೆಯಲ್ಲಿ ಆ ದಿಕ್ಕಿಗೆ ಅವನ ಯೋಚನೆ ಹೋಗಿರಲೇ ಇಲ್ಲ. ಅವನ ಮುಖ ನೋಡಿ ಬದರಿನಾಥರಿಗೆ ಬೈಯಲೂ ಮನಸ್ಸಾಗಲಿಲ್ಲ. ಹೆದರಿ ಹೆದರಿ ಎಲ್ಲರನ್ನೂ ಹಿಡಿಯಲು ಹೋದದ್ದಕ್ಕೆ ಎಲ್ಲರೂ ಬಚ್ಚಿಟ್ಟುಕೊಂಡರು. ಈಗ ಅವರ ಮುಂದೆ ಸಾವಿರವೂ ಇಲ್ಲ, ಇಬ್ಬರೂ ಇಲ್ಲ, ಬರೀ ಮಂಡಿಗಳಿವೆ. ಸಂಜೀವಯ್ಯನವರು ಕಡೇಪಕ್ಷ ನಿಜ ಹೇಳಿದ್ದರು. ಬದರಿನಾಥರು ಬ್ಯಾಗು ಎತ್ತಿಕೊಂಡು, "ಬಾಗಿಲು ಹಾಕ್ಕೋ" ಎಂದು ಬೀದಿಗಿಳಿದರು.

ಮಧ್ಯಾಹ್ನದ ಬಿಸಿಲಿನಲ್ಲಿ ಅವರು ಬ್ಯಾಗು ಹಿಡಿದು ಹೀಗೆ ದಾಪುಗಾಲು ಹಾಕಿ ಹೋಗುವುದನ್ನು ಕಂಡವರು ಯಾರ ಮನೆಯಲ್ಲಿ ಏನಾಯಿತೋ ಎಂದು ಗೇಟಿಗೆ ಬಂದರು. ಎದುರಿಗೆ ಸೀಟಿ ಹಾಕುತ್ತ ಬರುತ್ತಿದ್ದ ಬಸ್ ಕಂಡಕ್ಟರು ಅವರನ್ನು ನೋಡಿದ್ದೇ ಕುಂಟತೊಡಗಿದ. ತರಕಾರಿ ಕೊಳ್ಳುತ್ತಿದ್ದ ಹೆಂಗಸರಿಬ್ಬರು ಒಟ್ಟಿಗೆ ಮಂಡಿ ಸವರಿಕೊಂಡರು. ಹೊಂಗೆಮರದ ಕೆಳಗಿನಿಂದ ದಾಸಪ್ಪ ಶಾಲಿನೊಳಗಿನ ಕೈ ತೆಗೆದು, "ಓಡ್ಬೇಡಿ ಡಾಕ್ಟ್ರೇ, ಹಾರ್ಟಿಗೆ ಒಳ್ಳೇದಲ್ಲ!" ಎಂದು ಕಾಳಜಿಯಿಂದ ಕೂಗಿದ. ಬದರಿನಾಥರು ಯಾರನ್ನೂ ನೋಡಲಿಲ್ಲ. ಐವತ್ತೆಂಟು ವರ್ಷ, ಗಂಡ ಸತ್ತು ಎರಡು ತಿಂಗಳೂ ಆಗಿಲ್ಲ, ಎದೆಯ ಕೆಳಗೆ ಮುಷ್ಟಿ. ಸಾವಿರ ಇಂಥ ಹೆಂಗಸರನ್ನು ನಿಲ್ಲಿಸಿದರೆ ಎಷ್ಟು ಮಂದಿಗೆ ಹೃದಯದ ತೊಂದರೆ? ಅವರು ಸಾವಿರ ಈಶ್ವರಮ್ಮಂದಿರನ್ನು ತಿಲಕ್ ನಗರದ ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಲ್ಲಿಸಲು ಪ್ರಯತ್ನಿಸಿದರು. ಪ್ರತಿಯೊಬ್ಬರ ಕೈಯಲ್ಲೂ ಲಾಡಿನ ತಟ್ಟೆಯಿತ್ತು.

ಬಾಗಿಲು ತೆರೆದದ್ದು ಒಬ್ಬರೇ ಒಬ್ಬರು. "ಅಯ್ಯೋ, ನೀವೇ ಬಂದ್ರಾ? ನೋವಿನೆಣ್ಣೆ ಬಿಟ್ಟು ಬಂದ್ನಾ ಡಾಕ್ಟ್ರೇ?"

"ನಿಮ್ಮ ಮಂಡಿಗೆ ಏನೂ ಆಗಿಲ್ಲ ಈಶ್ವರಮ್ಮ."

"ಏನೂ ಆಗಿಲ್ಲ," ಎಂದು ಅವರು ಕೂಡಲೇ ಒಪ್ಪಿಕೊಂಡರು. "ಬನ್ನಿ ಒಳಗೆ."

ಸಣ್ಣ ಹಜಾರ. ಗೂಡಿನಲ್ಲಿ ರೇಡಿಯೋ, ರೇಡಿಯೋದ ಮೇಲೆ ಮಡಿಸಿಟ್ಟ ಒಂದು ಕನ್ನಡಕ. ಅದರ ಗಾಜನ್ನು ದಿನವೂ ಒರೆಸುತ್ತಾರೆಂದು ನೋಡಿದರೆ ತಿಳಿಯುತ್ತಿತ್ತು. ಬಾಟಲಿ ಸ್ಟೂಲಿನ ಮೇಲಿತ್ತು. ಇನ್ನೂ ಮುಚ್ಚಳ ತೆಗೆದಿರಲಿಲ್ಲ. ಬದರಿನಾಥರು ಬಾಗಿಲಿಗೆ ಬೆನ್ನು ಮಾಡಿ ಕೂತು, ಎರಡು ತಿಂಗಳಿಂದ ಯಾರನ್ನೂ ಕೇಳದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ಆಗ ಅವರಿಗೇ ಹೊಳೆಯಿತು: ಅರವತ್ತಮೂರು ಚೀಟಿ ಬರೆದಿದ್ದರೇ ಹೊರತು ಒಬ್ಬರನ್ನೂ ಕೂರಿಸಿಕೊಂಡು ಕೇಳಿರಲಿಲ್ಲ. ಯಾವಾಗ ಬರುತ್ತೆ? ಊಟವಾದ ಮೇಲೆ. ಕೈಗೆ, ಕುತ್ತಿಗೆಗೆ ಇಳಿಯುತ್ತಾ? ಇಲ್ಲ. ಬೆವರು? ಇಲ್ಲ. ತೇಗಿದರೆ? ಸ್ವರ್ಗ. ಮೆಟ್ಟಿಲು ಹತ್ತಿದರೆ?

"ಶನಿವಾರ ರಾಗಿಗುಡ್ಡ ಹತ್ತಿದೆ. ಏನೂ ಆಗ್ಲಿಲ್ಲ. ಆಂಜನೇಯನ ಹತ್ರ ಹೂ ಕೇಳೋಣ ಅಂತ ಹೋಗಿದ್ದೆ. ಆಸ್ಪತ್ರೆಗೆ ಹೋಗೋದು ಬೇಡ ಅಂದ್ರೆ ಬಲಗಡೆ ಕೊಡಪ್ಪ ಅಂದೆ. ಎಡಗಡೆ ಬಿತ್ತು. ಸರಿಯಾಗಿ ಕೇಳಿಸ್ಲಿಲ್ಲವೇನೋ ಅಂತ ಇನ್ನೊಂದು ಸಲ ಕೇಳಿದೆ. ಮತ್ತೆ ಎಡಗಡೆ. ಮೂರನೇ ಸಲಕ್ಕೆ ಬಲಗಡೆ ಕೊಟ್ಟ. ಕೈಮುಗಿದು ಇಳಿದು ಬಂದೆ."

ದಾಸಪ್ಪನ ಮೂರನೆಯ ಕಾಗದ ಬದರಿನಾಥರ ಕಣ್ಣ ಮುಂದೆ ಬಂತು. ಬೇಕಾದ ಉತ್ತರ ಬರುವವರೆಗೂ ಕೇಳುವುದರಲ್ಲಿ ಆಕೆಗೂ ತಮಗೂ ಏನೂ ವ್ಯತ್ಯಾಸವಿರಲಿಲ್ಲ. ಆಕೆ ಬೇಡಿದ್ದು ಆರೋಗ್ಯವನ್ನು, ತಾವು ಬೇಡಿದ್ದು ರೋಗವನ್ನು, ಅಷ್ಟೆ. ಅವರು ಸ್ಟೆತಾಸ್ಕೋಪನ್ನು ಕೊರಳಿನಿಂದ ತೆಗೆದರು. ಸೆರಗಿನ ಮೇಲೆಯೇ ಇಟ್ಟು ಕೇಳಿದರು. ಕೇಳುತ್ತಲೇ ಇದ್ದರು. ಲಬ್ ಡಬ್ ಎಂಬ ಆ ಸದ್ದು ಬಹಳ ಚೆನ್ನಾಗಿತ್ತು.

"ಅಷ್ಟು ಹೊತ್ತು ಕೇಳೋಕೆ ಅಲ್ಲೇನು ಹರಿಕಥೆ ನಡೀತಿದೆಯೇ?" ಎಂದರು ಈಶ್ವರಮ್ಮ.

ಬದರಿನಾಥರು ಕಿವಿಯಿಂದ ಕೊಳವೆ ತೆಗೆದರು. ಆಮೇಲೆ, ಹೇಳಬೇಕೆಂದು ಯೋಚಿಸುವ ಮೊದಲೇ, ಹೇಳಿಬಿಟ್ಟರು. "ಸಂಜೀವಯ್ಯನೋರು ಬಂದಾಗ ನಾನು ಇದನ್ನ ಎದೆಗೆ ಇಡಲಿಲ್ಲಮ್ಮ. ಕೊರಳಲ್ಲೇ ಇತ್ತು. ಆರತಕ್ಷತೆಗೆ ಹೊತ್ತಾಯ್ತು ಅಂತ ಗ್ಯಾಸ್ ಅಂದೆ. ಅದು ಹಾರ್ಟಿಂದು. ತಪ್ಪು ನನ್ನದು."

ಈಶ್ವರಮ್ಮ ಅವರನ್ನೇ ನೋಡಿದರು. ಅಳುತ್ತಾರೆಂದು ಬದರಿನಾಥರು ಕಾದರು, ಬೈಯುತ್ತಾರೆಂದು ಕಾದರು. ಈಶ್ವರಮ್ಮನ ಮುಖದಲ್ಲಿ ಬಂದದ್ದು ಬೇರೆ: ತಮ್ಮ ಜಾಗದಲ್ಲಿ ಬಂದು ಕೂತವರನ್ನು ನೋಡುವ ನೋಟ.

"ನಿಮ್ಮದು ಹೇಗಾಗುತ್ತೆ? ಅವತ್ತು ರಾತ್ರಿ ಬೇಡ ಬೇಡ ಅಂದ್ರೂ ಎರಡನೇ ಸಲ ಹುಳಿ ಬಡಿಸಿದ್ದು ನಾನು."

"ಹುಳಿಯಿಂದ ಯಾರೂ ಸಾಯಲ್ಲಮ್ಮ."

"ಒಂದು ವಾರದಿಂದ ಭುಜ ಹಿಡ್ಕೊಂತಿದ್ರು. ಚಳಿಗೆ ಅಂತ ಸುಮ್ಮನಿದ್ದೆ. ನಿಮಗೆ ಅದು ಗೊತ್ತಿತ್ತಾ?"

"ಇಲ್ಲ. ಆದರೆ ನಾನು ಕೇಳಬೇಕಿತ್ತು."

"ನೀವು ಕೇಳಿದ್ರೂ ಅವರು ಹೇಳ್ತಿರಲಿಲ್ಲ. ನಾನು ಹೇಳಬೇಕಿತ್ತು."

"ಡಾಕ್ಟರು ನಾನಮ್ಮ!"

"ಹೆಂಡ್ತಿ ನಾನು!" ಈಶ್ವರಮ್ಮನ ದನಿ ಏರಿತು. "ಮೂವತ್ತೆಂಟು ವರ್ಷ ಅನ್ನ ಹಾಕಿದೀನಿ. ನೀವು ಐದು ನಿಮಿಷ ನೋಡಿ, ತಪ್ಪೆಲ್ಲ ನನ್ನದೇ ಅಂತ ಹೊತ್ಕೊಂಡು ಹೋಗೋಕೆ ಬಂದಿದೀರಾ?"

ಬದರಿನಾಥರಿಗೆ ಆ ಸಂಜೆ ಸಂಜೀವಯ್ಯನವರ ಹಣೆಯ ಮೇಲೆ ಬೆವರಿತ್ತೇ ಎಂದು ಕೇಳೋಣವೆನ್ನಿಸಿತು. ಆದರೆ ಈಕೆಯ ಭುಜದ ಕಥೆಯೂ ತಮ್ಮ ಆ ಬೆವರಿನಂತೆಯೇ ದಿನದಿಂದ ದಿನಕ್ಕೆ ಬೆಳೆದು ಬಂದದ್ದೇ ಇರಬಹುದು. ಎರಡು ತಿಂಗಳಿಂದ ಈ ಹಜಾರದಲ್ಲಿ ಒಬ್ಬರು, ಆ ಕ್ಲಿನಿಕ್ಕಿನಲ್ಲಿ ಒಬ್ಬರು, ಅದೇ ಒಂದು ಸಂಜೆಯನ್ನು ಮತ್ತೆ ಮತ್ತೆ ಬಿಡಿಸಿ ನೋಡುತ್ತ, ಆ ಸಂಜೆ ಕಾಣದಿದ್ದುದನ್ನೆಲ್ಲ ಈಗ ಕಾಣುತ್ತ ಕೂತಿದ್ದರು. ಹೊರಗೆ ಯಾರೋ ಅವರೆಕಾಯಿ ಎಂದು ಕೂಗಿಕೊಂಡು ಹೋದರು. ಇಬ್ಬರೂ ಕೇಳಿಸದವರಂತಿದ್ದರು.

ಈಶ್ವರಮ್ಮ ಸೆರಗು ಸರಿಮಾಡಿಕೊಂಡರು. "ಅದಿರಲಿ. ಈಗ ನನಗೇನು ಹೇಳ್ತೀರಿ?"

ಚೀಟಿಯ ಪುಸ್ತಕ ಜೇಬಿನಲ್ಲಿತ್ತು. ಬದರಿನಾಥರ ಕೈ ಅದರ ಮೇಲೆ ಹೋಯಿತು. ಅರವತ್ತನಾಲ್ಕು. ರಾಗಿಗುಡ್ಡದ ಅಷ್ಟೂ ಮೆಟ್ಟಿಲು, ಏನೂ ಆಗಿಲ್ಲ. ಊಟದ ನಂತರ, ತೇಗಿದರೆ ಹೋಗುತ್ತದೆ. ಇಂಥವರು ಸಾವಿರ ಮಂದಿ ಬಂದರೆ ಇಬ್ಬರು, ಬಹಳವೆಂದರೆ ಮೂವರು. ಆ ಇಬ್ಬರಲ್ಲಿ ಇವರೊಬ್ಬರಲ್ಲವೆಂದು ಹೇಳಬಲ್ಲವನು ದೇವರೊಬ್ಬನೇ. ಅವನಂತೂ ಹೂವನ್ನು ಎಡಕ್ಕೂ ಬಲಕ್ಕೂ ಹಾಕಿ ಸುಮ್ಮನಾಗಿದ್ದ. ಅವರು ಕೈಯನ್ನು ಜೇಬಿನಿಂದ ತೆಗೆದರು.

"ಇದು ಗ್ಯಾಸ್ ಅಮ್ಮ. ಅವರೆ ಸ್ವಲ್ಪ ಕಡಿಮೆ ಮಾಡಿ. ಆ ಔಷಧಿ ತಗೊಳ್ಳಿ."

"ಗೊತ್ತೋ, ಅನ್ನಿಸುತ್ತೋ?"

"ಅನ್ನಿಸುತ್ತೆ."

"ಅವರಿಗೂ ಹಾಗೇ ಅಂದಿದ್ರಿ."

"ಹೂಂ. ಅವರಿಗೆ ನೋಡದೆ ಅಂದೆ. ನಿಮಗೆ ನೋಡಿ ಹೇಳ್ತಿದೀನಿ. ಬೆವರು ಬಂದ್ರೆ, ಕೈಗೆ ಇಳಿದ್ರೆ, ನಡೆದರೆ ನೋವು ಬಂದ್ರೆ, ಆ ಗಳಿಗೆಗೇ ಹೇಳಿ ಕಳಿಸಬೇಕು. ಮಂಡಿ ಗಿಂಡಿ ಅನ್ನಬಾರದು."

"ಅನ್ನಲ್ಲ," ಎಂದರು ಈಶ್ವರಮ್ಮ. ಬಾಟಲಿಯನ್ನು ಚೆನ್ನಾಗಿ ಕುಲುಕಿದರು. ಮುಚ್ಚಳ ತೆಗೆದು, ಕಾಗದದ ಮೊದಲನೆಯ ಹಲ್ಲಿನವರೆಗೆ ಲೋಟಕ್ಕೆ ಬಗ್ಗಿಸಿಕೊಂಡು, 'ರಾಮಾ' ಎಂದು ಒಂದೇ ಗುಟುಕಿಗೆ ಕುಡಿದು, ಗೋಡೆಯ ಪಕ್ಕದಲ್ಲಿದ್ದ ಆರಾಮ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದರು.

ಬದರಿನಾಥರು ಹೊರಡಬೇಕಿತ್ತು. ಬ್ಯಾಗಿನ ಕೊಂಡಿ ಹಾಕಿದರು, ಏಳಲಿಲ್ಲ. ಐದು ನಿಮಿಷವಾಯಿತು. ಈಶ್ವರಮ್ಮನ ಬಾಯಿ ಸ್ವಲ್ಪ ತೆರೆದುಕೊಂಡಿತು. ಕೈ ಮಡಿಲಿನಿಂದ ಜಾರಿ ಕುರ್ಚಿಯ ಪಕ್ಕಕ್ಕೆ ಇಳಿಬಿತ್ತು. ನಿದ್ದೆಯೇ ಇರಬೇಕು. ಎರಡು ತಿಂಗಳಿಂದ ಸರಿಯಾಗಿ ಮಲಗಿರಲಿಕ್ಕಿಲ್ಲ. ಔಷಧಿ ಕುಡಿದು ನೆಮ್ಮದಿಯಾಗಿ ಮಲಗಿದವರನ್ನು ನೋಡಿದರೆ ಮೊದಲು ಹೊಳೆಯುವುದು ನಿದ್ದೆಯೇ ಅಲ್ಲವೇ? ಎದೆ ಏರಿಳಿಯುತ್ತಿದೆಯೇ ಎಂದು ಅವರು ಸೆರಗನ್ನೇ ನೋಡಿದರು. ಸೆರಗು ಅಲ್ಲಾಡಿತು, ಅದು ಕಿಟಕಿಯ ಗಾಳಿಗೂ ಅಲ್ಲಾಡಿರಬಹುದು. ನಾಡಿ ಮುಟ್ಟಿದರೆ ತಿಳಿಯುತ್ತದೆ, ಮುಟ್ಟಿದರೆ ಎಚ್ಚರವಾಗುತ್ತದೆ, ಎಚ್ಚರವಾದರೆ, ನೋಡಿ ಹೇಳಿದೆನೆಂದ ಮಾತಿಗೆ ಅರ್ಥವೇನು? ಅವರು ಕುರ್ಚಿಯಿಂದ ಅರ್ಧ ಎದ್ದರು. ಕಳ್ಳನಂತೆ ಬಗ್ಗಿ, ಉಸಿರು ಬಿಗಿಹಿಡಿದು, ಎರಡು ಬೆರಳುಗಳನ್ನು ಇಳಿಬಿದ್ದ ಆ ಮಣಿಕಟ್ಟಿನ ಹತ್ತಿರ, ಇನ್ನೂ ಹತ್ತಿರ ಒಯ್ದರು.

ಈಶ್ವರಮ್ಮ ಕಣ್ಣು ತೆರೆಯಲಿಲ್ಲ.

"ಇದೀನಿ ಡಾಕ್ಟ್ರೇ," ಎಂದರು. "ಹೋಗಿ, ಊಟ ಮಾಡಿ."